ಹೌಜಿನ ಮೀನಿಗೆ ಎಳ್ಳಮಾವಾಸ್ಯೆ ಊಟ

ಏನೂ ಮಾಡದೆ ಸುಮ್ಮನಿರುವುದು ಸುಲಭ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ಕುದಿಯುವ ಅನ್ನದ ಮುಚ್ಚಳ ತೆಗೆದು ನೋಡದೆ ನನಗೆ ಸಮಾಧಾನವಿಲ್ಲ. ಮಾಯುತ್ತಿರುವ ಗಾಯವನ್ನು ಕೆರೆದು ನೋಡದಿದ್ದರೆ ದಿನ ಸಾಗದು. ಭಾಲ್ಕಿಯ ಹೆಣ್ಣಾದ ನನ್ನ ಹೆಂಡತಿ ಮದುವೆಯಾದ ವಾರಕ್ಕೇ ಇದನ್ನು ಗುರುತಿಸಿ, ಒಲೆಯ ಹತ್ತಿರ ಸುಳಿಯಕೂಡದೆಂದು ನನಗೆ ಕಟ್ಟಪ್ಪಣೆ ಮಾಡಿದ್ದಳು. ಇಂಥವನಿಗೆ ಖಾಲಾ ಒಪ್ಪಿಸಿ ಹೋದ ಕೆಲಸವೆಂದರೆ, ಏನೂ ಮಾಡದೆ ಇರುವುದು!

ಖಾಲಾ ಎಂದರೆ ಬೀದರದ ಮೈಲೂರಿನಲ್ಲಿ ನಮ್ಮ ಮನೆಯ ಮಾಲಕಿ. ನಾನು ಕಚೇರಿಯ ಗುಮಾಸ್ತ. ಅವರ ಮನೆಯ ಎರಡು ಕೋಣೆ ನಮ್ಮವು. ನನ್ನ ತಾಯಿ ತೀರಿಕೊಂಡ ವರ್ಷ ಎದುರು ಕೂತು ನನ್ನನ್ನು ಉಣ್ಣಿಸಿದವರು ಅವರೇ. ಅಂಗಳದ ನಡುವೆ ಕಲ್ಲಿನ ಹೌಜು, ಅದರ ಮೊಣಕಾಲುದ್ದ ನೀರಿನಲ್ಲಿ ಐದು ಬಂಗಾರದ ಮೀನು. ತೀರಿಹೋದ ಯಜಮಾನರ ನೆನಪಿಗೆ ಉಳಿದದ್ದು ಅಷ್ಟೇ ಎಂದು ಖಾಲಾ ಹೇಳುತ್ತಿದ್ದರು. ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಹೈದರಾಬಾದಿನ ಮಗಳು, ಈಗ ನಿನ್ನದೊಂದು ರಾಜ್ಯ, ನನ್ನದೊಂದು ರಾಜ್ಯ ಆಯಿತು, ಇಲ್ಲಿಗೇ ಬಂದುಬಿಡು ಎಂದು ಬರೆದಿದ್ದಳು. ಶಿವರಾತ್ರಿಯವರೆಗೆ ಇದ್ದು ನೋಡಿ ತೀರ್ಮಾನಿಸುತ್ತೇನೆಂದು ಖಾಲಾ ಹೊರಟರು.

"ಥಂಡ್ಯಾಗ ಇವು ತಿನ್ನಂಗಿಲ್ಲ ಬೇಟಾ. ಹಾಕಿದ್ದು ಕೊಳೀತದ, ನೀರು ಕೆಡ್ತದ. ಏನೂ ಹಾಕಬ್ಯಾಡ. ದಿನಾ ಒಮ್ಮೆ ನೋಡು, ಬಸ್. ಇವು ಇದ್ರ ನಾ ವಾಪಸ್ ಬರ್ತೇನಿ. ಇವೂ ಹೋದ್ರ ಈ ಮನ್ಯಾಗ ನಂದೇನದ?"

"ಫಿಕರ್ ಮಾಡಬ್ಯಾಡ್ರಿ ಖಾಲಾ" ಎಂದೆ. ಅವರಿಲ್ಲದ ಅಂಗಳ ನೆನೆದು ನನಗೇ ಫಿಕರ್ ಹತ್ತಿತ್ತು.

ಚಳಿ ಏರಿತು. ಮೀನುಗಳು ತಳ ಹಿಡಿದು ಅಲುಗಾಡದೆ ಕೂತವು. ಬೆಳಿಗ್ಗೆ ಕಂಬಳಿ ಹೊದ್ದು ಹೌಜಿನ ಕಟ್ಟೆಯ ಮೇಲೆ ನಾನೂ ಹಾಗೇ ಕೂರುತ್ತಿದ್ದೆ. ಎಳ್ಳಮಾವಾಸ್ಯೆ ಬಂತು. ಬಗದಲ್ ಊರಿನ ನಮ್ಮ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಕಾಳು-ಸೊಪ್ಪು ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ ಹೊಟ್ಟೆ ಬಿರಿಯ ಉಂಡು, ಉಳಿದದ್ದನ್ನು ಕಟ್ಟಿಕೊಂಡು ಬಂದೆವು. ಹೊಲದ ಇರುವೆಯೂ ಉಣ್ಣುವ ದಿನ, ಮನೆಯ ಐದು ಜೀವ ಉಪವಾಸವೇ? ಗಂಟು ಬಿಚ್ಚಿದೆ.

"ಸುಮ್ನ ಇರ್ರಿ ಅಂತ ಒಂದೇ ಮಾತು ಹೇಳಿ ಹೋಗ್ಯಾರ. ಅದೂ ಆಗಂಗಿಲ್ಲೇನ್ರಿ ನಿಮಗ?" ಎಂದಳು ಹೆಂಡತಿ.

"ಹೊಲಕ್ಕ ಚೆಲ್ಲೂದು ಹೌಜಿಗೊಂದಿಷ್ಟು ಚೆಲ್ಲಿದ್ರ ಏನಾಗ್ತದ?" ಎಂದು ರೊಟ್ಟಿ-ಭಜ್ಜಿ ಕಲೆಸಿ ಎರಡು ಹಿಡಿ ಚೆಲ್ಲಿಯೇಬಿಟ್ಟೆ. ಒಂದು ಮೀನು ಮೆಲ್ಲಗೆ ಎದ್ದು ಬಂದು ಭಜ್ಜಿಗೆ ಮೂತಿ ತಾಗಿಸಿ ಹೋಯಿತು. ಅಷ್ಟಕ್ಕೇ ನಾನು ಉಬ್ಬಿಹೋಗಿ, "ಐದೂ ಕ್ಷೇಮ. ಹಬ್ಬದ ಭಜ್ಜಿ ಚೆನ್ನಾಗಿ ಉಂಡವು" ಎಂದು ಖಾಲಾಗೆ ಕಾಗದ ಬರೆದು ಹಾಕಿದೆ.

ಮೂರು ದಿನಕ್ಕೆ ನೀರು ಬೆಳ್ಳಗಾಗಿ ನಾರತೊಡಗಿತು. ನಾಲ್ಕನೆಯ ದಿನ ಐದೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಹೌಜನ್ನೇ ಬರಿದು ಮಾಡುತ್ತೇನೆಂದು ನಾನು ಬಕೆಟ್ ಎತ್ತಿದೆ, ಬೇಡವೆಂದು ಹೆಂಡತಿ ಅದನ್ನು ಜಗ್ಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಖಾಲಾ! ಕಂಕುಳಲ್ಲಿ ಗಂಟು, ಕೈಯಲ್ಲಿ ನನ್ನ ಕಾಗದ. ಮಗಳು ಅದನ್ನು ಓದಿ ಹೇಳಿದ್ದೇ ತಡ, ಸಿಕ್ಕ ರೈಲು ಹತ್ತಿದ್ದರು.

ಅವರು ನನ್ನ ಕಡೆ ನೋಡಲೂ ಇಲ್ಲ. ಕುಪ್ಪಸದ ತೋಳು ಮೇಲಕ್ಕೆ ಮಡಚಿ, ತೆಳು ಬಟ್ಟೆಯಲ್ಲಿ ಕೊಳೆತ ರೊಟ್ಟಿ ಬಾಚಿದರು. ಒಂದಿಷ್ಟು ನೀರು ತೆಗೆಸಿ, ಬಾವಿಯ ನೀರನ್ನು ಬಿಸಿಲಿಗಿಟ್ಟು ಕಾಯಿಸಿ, ತಂಬಿಗೆ ತಂಬಿಗೆಯಾಗಿ ಸುರಿದರು. ಮೂರು ದಿನ ಇದೇ ನಡೆಯಿತು. ಕೊನೆಗೆ ಐದೂ ತಳಕ್ಕಿಳಿದು ಮತ್ತೆ ಅಲುಗಾಡದೆ ಕೂತಾಗ ನಾನು ಮರೆಯಲ್ಲಿ ಕಣ್ಣೊರೆಸಿಕೊಂಡೆ.

"ಮತ್ತ ಯಾವಾಗ ಹೋಗ್ತೀರಿ ಖಾಲಾ?" ಅಂಜುತ್ತಲೇ ಕೇಳಿದೆ.

"ಎಲ್ಲಿ ಹೋಗ್ಲಿ? ಮಗಳಿಗಿ ಕಾಗದ ಬರಿ" ಎಂದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ. ನಾನು ಲೇಖನಿ ಹಿಡಿದು ಕೂತೆ.

"ಇಲ್ಲಿ ಹುಡುಗ ಪಕ್ಕಾ ನಾಲಾಯಕ್ ಇದ್ದಾನ. ಇವನ ಭರೋಸಾದ ಮ್ಯಾಲ ಮನಿ ಬಿಟ್ಟು ಬರೂದು ಆಗಂಗಿಲ್ಲ. ನಾ ಇಲ್ಲೇ ಇರ್ತೇನಿ. ಬರದಿ?"

"ಬರದೀನ್ರಿ" ಎಂದೆ. ಒಂದಕ್ಷರ ಬಿಡದೆ ಬರೆದಿದ್ದೆ. ಅಷ್ಟು ದುಂಡಗೆ, ಅಷ್ಟು ಸಂತೋಷದಿಂದ, ಕಚೇರಿಯಲ್ಲಿ ನಾನು ಯಾವತ್ತೂ ಬರೆದವನಲ್ಲ.