ಮೋರಿ ಬಷೀರನ ಪಾಲಾದದ್ದು

...ಅಥವಾ ಹಳೆಯ ಮೋರಿಯ ಕಟ್ಟೆ ನನ್ನ ನೆನಪಿನಷ್ಟು ಅಗಲವಾಗಿರಲೇ ಇಲ್ಲವೇನೋ. ಸಂಜೆಯಾದರೆ ಅರ್ಧ ಬಾಳ್ಳುಪೇಟೆ ನಮ್ಮ ಮನೆ ಮುಂದೆ ಅದರ ಮೇಲೆ ಕೂತಿರುತ್ತಿತ್ತು ಎಂದು ನಾನು ಹೇಳಿದರೆ ನನ್ನ ಹೆಂಡತಿ, "ಇಬ್ರು ಕಣ್ರೀ. ಬಷೀರಣ್ಣ, ರಾಮೇಗೌಡ್ರು. ಆಮೇಲೆ ನೀವು" ಎನ್ನುತ್ತಾಳೆ. ಅವಳ ನೆನಪೂ ನಂಬುವಂಥದ್ದಲ್ಲ. ಆ ಹೊತ್ತಿಗೆ ಅವಳು ಒಳಗೆ ಚಹಾ ಮಾಡುತ್ತಿದ್ದಳು. ಎಷ್ಟು ಲೋಟ ಎಂದು ಮಾತ್ರ ನಾನು ಕೇಳುವುದಿಲ್ಲ.

ರಸ್ತೆಯಡಿ ನೀರು ದಾಟಿಸುವ ಆ ಮೋರಿಯನ್ನು ಬೇರೆಡೆ ಸಾಗಿಸಿ ಎಂದು ವರ್ಷಗಟ್ಟಲೆ ಅರ್ಜಿ ಬರೆದವನು ನಾನೇ. ಮಳೆ ಜೋರಾದರೆ ಅದರ ಬಾಯಿ ಕಟ್ಟಿ ಪೇಟೆಯ ನೀರೆಲ್ಲ ನಮ್ಮ ನಡುಮನೆಗೆ ಬರುತ್ತಿತ್ತು. ಕೊನೆಗೂ ಹಳೆಯದನ್ನು ಒಡೆದರು. ರಸ್ತೆಯ ಇಳಿಜಾರಿನಲ್ಲಿ, ಬಷೀರನ ಕಾಫಿ ಗೋಡೌನಿನ ಮುಂದೆ, ಹೊಸದನ್ನು ಕಟ್ಟಿ ಮುಗಿಸಿದರು. ಎರಡೂ ಕಡೆ ನುಣ್ಣನೆಯ ಕಟ್ಟೆ. ಕೂರುವವರೂ ನೀರಿನ ಹಿಂದೆಯೇ ಹರಿದುಹೋಗುತ್ತಾರೆಂದು ಅರ್ಜಿ ಬರೆಯುವಾಗ ನನಗೆ ಹೊಳೆದಿರಲಿಲ್ಲ.

ಮೊದಲ ಸಂಜೆಯೇ ರಾಮೇಗೌಡ ನಮ್ಮ ಮನೆ ದಾಟಿ ನಡೆದ. "ಎಲ್ಲಿಗೋ?" ಎಂದೆ. "ಮೋರಿಗೆ" ಎಂದ, ಅದು ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ.

ನಾನು ಜಗಲಿಯಲ್ಲಿ ಬೆಂಚು ಹಾಕಿಸಿದೆ, ಬೆನ್ನಿಗೆ ಒರಗು ಇದ್ದದ್ದು. ಅದರ ಮೇಲೆ ಬೀದಿನಾಯಿ ಮಲಗಿತು. ಅತ್ತ ಕಡೆಯಿಂದ ನಗು ಕೇಳುತ್ತಿತ್ತು. ನಮ್ಮ ಮೋರಿಯ ಮೇಲೆ ಅವರು ಅಷ್ಟು ನಕ್ಕದ್ದು ನನಗೆ ನೆನಪಿಲ್ಲ. "ಬಾರೋ ಮಾರಾಯ, ಜಾಗ ಐತೆ" ಎಂದು ಬಷೀರ ಕೂಗುತ್ತಿದ್ದ. ಯಜಮಾನನ ದನಿ. ನನ್ನ ಅರ್ಜಿಯಿಂದ ಎದ್ದ ಕಟ್ಟೆಗೆ ನಾನು ನೆಂಟನಂತೆ ಹೋಗಬೇಕೇ?

ನಮ್ಮ ಕಡೆ ಎಲ್ಲಿ ಹೊಸ ಸಿಮೆಂಟು ಕಂಡರೂ ಜನ ಕಾಳುಮೆಣಸು ಒಣಹಾಕುತ್ತಾರೆ. ಬಷೀರನಂತೂ ಹೊಸ ಮೋರಿಯ ಮೇಲಿನ ಚಪ್ಪಡಿ ಗಟ್ಟಿಯಾಯಿತೆಂದುಕೊಂಡು ಹಸಿ ಕಾಂಕ್ರೀಟಿನ ಮೇಲೇ ಹರಡಿ, ಕಾಲಿನಿಂದ ಕೆದಕಿಯೂ ಬಿಟ್ಟಿದ್ದ. ಚಪ್ಪಡಿಯ ಮೈತುಂಬ ಸಿಡುಬಿನ ಕಲೆಯಂಥ ಗುಳಿಗಳು. ನನಗೆ ಜೀವ ಬಂತು. ಗುತ್ತಿಗೆದಾರನನ್ನು ಕರೆದು ತೋರಿಸಿದೆ: ಇದನ್ನು ಒಡೆದು ಮತ್ತೆ ಕಟ್ಟಬೇಕು, ಸಾಧ್ಯವಾದರೆ ಸ್ವಲ್ಪ ಮೇಲಕ್ಕೆ, ನಮ್ಮ ಮನೆಯ ಕಡೆಗೆ. ಅವನು ಚಪ್ಪಲಿಯಿಂದ ಉಜ್ಜಿ ನೋಡಿ, "ಒಳ್ಳೇದೇ ಆಗ್ಬುಟ್ಟೈತೆ ಸಾರ್, ಮಳೇಲಿ ಯಾರೂ ಜಾರಲ್ಲ" ಎಂದ.

ಮಳೆಯೂ ಬಂತು. ಕಿಟಕಿಯಲ್ಲಿ ನಿಂತು, ಬಷೀರನ ಗೋಡೌನಿಗೆ ನೀರು ನುಗ್ಗಲಿ ಎಂದು ಹಾರೈಸಿದೆ. ಮೂಟೆ ನೆನೆಯುವಷ್ಟು ಬೇಡ, ಆ ನಗು ನಿಲ್ಲುವಷ್ಟು ಸಾಕಿತ್ತು. ನೀರು ಶಿಸ್ತಾಗಿ ಹೊಸ ಮೋರಿಯೊಳಕ್ಕೆ ಇಳಿದುಹೋಯಿತು. ನಮ್ಮ ನಡುಮನೆಯೂ ಒಣಗಿಕೊಂಡೇ ಇತ್ತು.

"ಮನೆಯೊಳಕ್ಕೆ ನೀರು ಬರ್ಲಿಲ್ಲ ಅಂತ ಮುಖ ಊದಿಸ್ಕೊಂಡಿರೋ ಗಂಡ್ಸು ಇಡೀ ಪೇಟೇಲಿ ನೀವೊಬ್ರೇ ಕಣ್ರೀ" ಎಂದಳು ಹೆಂಡತಿ. "ಹೋಗಿ ಬನ್ನಿ ಅತ್ತ."

ಮಳೆ ನಿಂತ ಮೇಲೆ ಹೊರಟೆ, ಬೇರೆಲ್ಲಿಗೋ ಹೋಗುವವನಂತೆ. "ಅರ್ಜಿ ಸಾಹೇಬ್ರು ಬಂದ್ರು ನೋಡ್ರಪ್ಪ" ಎಂದ ಬಷೀರ. ರಾಮೇಗೌಡ ಮಾತು ನಿಲ್ಲಿಸದೆ ತುಸು ಪಕ್ಕಕ್ಕೆ ಸರಿದ. ಕೂತೆ. ಪಂಚೆ ತಣ್ಣಗೆ ಒದ್ದೆಯಾಯಿತು. ಅವನು ಸರಿದದ್ದು ನನಗೆ ಜಾಗ ಬಿಡಲೋ, ಅಲ್ಲಿ ನೀರು ನಿಂತಿತ್ತೆಂದೋ, ಗೊತ್ತಿಲ್ಲ.