ನೆಟ್ಟಗಾದ ನದಿ

“ನೀನು ಸುಮ್ನಿರು, ನಾನಿದ್ದೀನಲ್ಲ!” ಎಂದು ಯಜಮಾನರು ಘೋಷಿಸಿದಾಗಲೇ ಭೂಗೋಳದ ಟೀಚರಿಗೆ ಅರ್ಧ ಜೀವ ಹೋಗಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಕೇಳಿಬಂದಾಗಲೆಲ್ಲ ಒಂದೋ ಫ್ಯೂಸು ಹಾರಿದೆ, ಇಲ್ಲವೇ ನಲ್ಲಿ ಮುರಿದಿದೆ. ಯಜಮಾನರು ನಿವೃತ್ತ ಕಾಲುವೆ ಎಂಜಿನಿಯರು. ಸರ್ವೀಸಿನುದ್ದಕ್ಕೂ ನೀರನ್ನು ಗೆರೆ ಎಳೆದ ಹಾಗೆ ಹರಿಸಿದ ಮಹಾನುಭಾವರು!

ಈ ಸಲದ ಬಲಿ ಒಂದು ನದಿ. ಟೀಚರು ಅದನ್ನು ಎರಡು ವಾರ ಬೆನ್ನು ಮುರಿದುಕೊಂಡು ಊಟದ ಮೇಜಿನ ಮೇಲೆ ಕಟ್ಟಿದ್ದರು. ಉದ್ದನೆಯ ತಗಡಿನ ಟ್ರೇ, ತುಂಬ ಮರಳು, ಒಂದು ತುದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ ಗುಡ್ಡ, ಅದರ ಮೇಲೆ ಕಾಡಿನ ಬದಲು ಸ್ಪಂಜಿನ ತುಂಡುಗಳು, ಕೆಳತುದಿಯಲ್ಲಿ ಬೆಂಕಿಪೊಟ್ಟಣದ ಊರು. ನಡುವೆ ಏಳು ಕಡೆ ಬಳುಕುವ ಹೊಳೆ. ಮೇಲಿಂದ ನೀರು ಬಿಟ್ಟರೆ ಸ್ಪಂಜು ಹೀರಬೇಕು, ತಿರುವು ತಡೆಯಬೇಕು, ಊರು ಉಳಿಯಬೇಕು. ಸೋಮವಾರ ಶಿಕ್ಷಣಾಧಿಕಾರಿಗಳು ನೋಡಿ ಮೆಚ್ಚಿದರೆ ಶಾಲೆಯ ಖಾಲಿ ಕೊಠಡಿ ನದಿಗೆ; ಇಲ್ಲದಿದ್ದರೆ ಮುರಿದ ಬೆಂಚುಗಳಿಗೆ. ಆ ಕೊಠಡಿಗಾಗಿ ಟೀಚರು ಆರು ವರ್ಷದಿಂದ ಅರ್ಜಿ ಬರೆದೂ ಬರೆದೂ ಸೋತಿದ್ದರು.

ಭಾನುವಾರ ಅಕ್ಕನ ಮನೆಗೆ ಹೋಗಿ ಬಂದು ನೇರ ಹಾಸಿಗೆಗೆ ಬಿದ್ದವರು, ಸೋಮವಾರ ಬೆಳಗ್ಗೆ ಮೇಜಿನ ಮುಂದೆ ನಿಂತು ಕಣ್ಣುಜ್ಜಿಕೊಂಡರು. ಹೊಳೆ ಗುಡ್ಡದಿಂದ ಊರಿನ ತನಕ ಸ್ಕೇಲು ಇಟ್ಟ ಹಾಗೆ ನೆಟ್ಟಗೆ! ಎರಡೂ ದಡಕ್ಕೆ ನುಣ್ಣನೆ ಸಿಮೆಂಟು!

“ರೀ! ನನ್ನ ತಿರುವುಗಳೆಲ್ಲಿ?”

“ತೆಗೆದುಹಾಕ್ದೆ ಕಣೇ. ನೀರು ಸುಮ್‌ಸುಮ್ನೆ ಸುತ್ತಾಡ್ಕೊಂಡು ಟೈಮ್ ವೇಸ್ಟ್ ಮಾಡ್ತಿತ್ತು.”

“ಸ್ಪಂಜು?”

“ಪಾತ್ರೆ ತೊಳೆಯೋ ಸ್ಪಂಜಿಗೆ ಗುಡ್ಡದ ಮೇಲೇನು ಕೆಲಸ? ಸಿಂಕ್ ಹತ್ರ ಇಟ್ಟಿದ್ದೀನಿ.”

ಟೀಚರು ಸೌಟಿನಿಂದ ಸಿಮೆಂಟು ಕುಟ್ಟಿದರು. ಸೌಟು ಬಾಗಿತು.

“ಒಡೆಯಲ್ಲ ಬಿಡು, ಐವತ್ತು ವರ್ಷ ಗ್ಯಾರಂಟಿ!” ಎಂದರು ಯಜಮಾನರು. ಜಗಳಕ್ಕೆ ಟೀಚರಲ್ಲಿ ತ್ರಾಣವಿರಲಿಲ್ಲ. ಟ್ರೇ ಸಾಗಿಸುವ ಟೆಂಪೋ ಬಾಗಿಲಲ್ಲಿ ಹಾರ್ನು ಹೊಡೆಯುತ್ತಿತ್ತು.

ತರಗತಿಯಲ್ಲಿ ಮೂವತ್ತೆಂಟು ಮಕ್ಕಳು. ಊರಿನ ತುದಿಗೆ ಸರಿಯಾಗಿ ಕುರ್ಚಿ ಹಾಕಿಸಿಕೊಂಡು ಬಿಳಿ ಪ್ಯಾಂಟಿನ ಅಧಿಕಾರಿಗಳು, ತೊಡೆಯ ಮೇಲೆ ಫೈಲು. ಪೈಪು ಹಿಡಿಯುವ ಜವಾಬ್ದಾರಿಯನ್ನು ಯಜಮಾನರೇ ಮೈಮೇಲೆ ಎಳೆದುಕೊಂಡಿದ್ದರು.

“ಸ್ವಲ್ಪ ಬಿಡಿ, ಸ್ವಲ್ಪ,” ಎಂದು ಟೀಚರು ಬೇಡಿಕೊಂಡರು.

“ಸ್ವಲ್ಪ ಯಾಕೆ? ಕಾಲುವೆ ತಡ್ಕೊಳ್ಳತ್ತೆ!”

ಕಾಲುವೆ ತಡೆದುಕೊಂಡಿತು. ಊರು ತಡೆದುಕೊಳ್ಳಲಿಲ್ಲ. ನೀರು ಒಂದೇ ನೆಗೆತಕ್ಕೆ ಬೆಂಕಿಪೊಟ್ಟಣಗಳನ್ನೆಲ್ಲ ಗುಡಿಸಿಕೊಂಡು, ಟ್ರೇಯ ಅಂಚು ಹಾರಿ, ಅಧಿಕಾರಿಗಳ ಮಡಿಲು ಸೇರಿತು! ಆರು ವರ್ಷದ ಅರ್ಜಿಗಳು ಫೈಲಿನ ಸಮೇತ ತೊಯ್ದು ತೊಪ್ಪೆಯಾದವು. ಟೀಚರಿಗೆ ಅಳು ಬಂತು. ಅಳುವುದಕ್ಕೂ ಶಕ್ತಿ ಸಾಲದೆ, “ಮಕ್ಕಳೇ, ಕಾಡು ತೆಗೆದು ನದಿ ನೆಟ್ಟಗೆ ಮಾಡಿದ್ರೆ ಆಗೋದು ಇದೇ,” ಎಂದಷ್ಟೇ ಹೇಳಿ ಕುಸಿದು ಕುಳಿತರು.

ಅಧಿಕಾರಿಗಳು ಪ್ಯಾಂಟು ಹಿಂಡಿಕೊಂಡರು. “ಇದು ಪಾಠನೋ ಅಪಘಾತನೋ ನಂಗಂತೂ ಗೊತ್ತಾಗ್ಲಿಲ್ಲ. ಮಕ್ಕಳಿಗೆ ಗೊತ್ತಾಯ್ತಾ ನೋಡೋಣ. ಊರು ಯಾಕೆ ಕೊಚ್ಕೊಂಡು ಹೋಯ್ತು ಅಂತ ಈಗ್ಲೇ ಬರೆಸಿ, ತಿದ್ದಿ, ನಾಳೆ ಕಳ್ಸಿ. ಮೂವತ್ತೆಂಟೂ ಸರಿಯಿದ್ರೆ ಕೊಠಡಿ ನಿಮ್ದು. ಒಂದು ತಪ್ಪಿದ್ರೂ ಬೆಂಚಿಗೆ!”

ಸಂಜೆ ಮನೆಯಲ್ಲಿ ಟೀಚರು ಸೋಫಾದ ಮೇಲೆ ಉರುಳಿಕೊಂಡರು. ತಪ್ಪಿತಸ್ಥರು ತಾವಾಗಿಯೇ ಕೆಂಪು ಪೆನ್ನು ಹಿಡಿದು ತಿದ್ದಲು ಕುಳಿತರು. ಮೊದಲ ಹಾಳೆ ಓದಿ ಕೆಮ್ಮಿದರು. ಎರಡನೆಯದು ಓದಿ ಕನ್ನಡಕ ಒರೆಸಿಕೊಂಡರು. ಆಮೇಲೆ ಉಳಿದವನ್ನು ಬೇಗ ಬೇಗ ತಿರುವಿಹಾಕಿದರು.

“ಏನ್ರೀ, ಕಾರಣ ಏನು ಅಂತ ಬರೆದಿದ್ದಾರೆ?”

“ಟೀಚರ್ ಯಜಮಾನರು ಅಂತ.”

“ಯಾರದು ಹಾಗೆ ಬರೆದಿದ್ದು?”

“ಎಲ್ರೂ ಕಣೇ! ಒಬ್ಳು ನನ್ನ ಚಿತ್ರ ಬೇರೆ ಬಿಡಿಸಿದ್ದಾಳೆ.”

ಟೀಚರು ಕಣ್ಣು ಮುಚ್ಚಿಕೊಂಡೇ ಕೇಳಿದರು, “ಉತ್ತರ ಸರೀನೋ, ತಪ್ಪೋ? ನೀವೇ ಹೇಳಿ.”

ಯಜಮಾನರು ಹೆಂಡತಿಯ ಸೋತ ಮುಖ ನೋಡಿದರು, ಹಾಳೆಗಳ ರಾಶಿ ನೋಡಿದರು, ಉದ್ದನೆಯ ಉಸಿರು ಬಿಟ್ಟರು. ಮೂವತ್ತೆಂಟಕ್ಕೂ ತಮ್ಮ ಕೈಯಾರೆ ರೈಟು ಹಾಕಿದರು. ಕೊನೆಗೆ ಚಿತ್ರದ ಕೆಳಗೆ, ದುಂಡಾದ ಅಕ್ಷರದಲ್ಲಿ, ‘ಹೋಲಿಕೆ ಚೆನ್ನಾಗಿದೆ’ ಎಂದೂ ಬರೆದರು.