ಗ್ಲೆನ್‌ಕೋಗೆ ಮೂರು ಕೂಗು

ಸ್ಕಾಟ್ಲೆಂಡಿನವರು ನಮ್ಮ ಮಾವನಿಗೆ ಒಂದು ಸನ್ಮಾನ ಮಾಡಲೇಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಸಾಧ್ಯವಾದರೆ ಒಂದು ಮೈಸೂರು ಪೇಟ. ಏಕೆಂದರೆ ಅವರ ಇಡೀ ಒಂದು ಕಣಿವೆಯ ಜನರನ್ನು ಈ ಮನುಷ್ಯ ಪ್ರತಿ ಶನಿವಾರ ಸಾವಿನಿಂದ ಪಾರು ಮಾಡುತ್ತಾರೆ. ಅದೂ ಜರ್ಮನಿಯ ಹೈಡೆಲ್‌ಬರ್ಗಿನ ಒಂದು ಅಡುಗೆಮನೆಯಲ್ಲಿ ಕೂತುಕೊಂಡು! ಪಾಪ, ಅಲ್ಲಿಯವರಿಗೆ ಇನ್ನೂ ವಿಷಯ ಗೊತ್ತಿಲ್ಲ, ಅಷ್ಟೆ.

ಮಾವ ಎಂದರೆ ನನ್ನ ಅಮ್ಮನ ಅಣ್ಣ. ಇಲ್ಲಿಯೇ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಕಾಲದಲ್ಲಿ ಹಿಂದಕ್ಕೆ ಹೋಗುವುದು ಆಗದ ಮಾತು ಎಂದು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದು ತೋರಿಸಿದವರು. ಅಂಥವರು ಈಗ ಮೈಸೂರಿನಿಂದ ತಂದ ಹಳೆಯ ಕುಕ್ಕರನ್ನು ಒಲೆಯ ಮೇಲಿಟ್ಟು ಹದಿನೇಳನೇ ಶತಮಾನಕ್ಕೆ ಹೊರಡುತ್ತಾರೆ. ಒಂದು ಕೂಗಿಗೆ ನೂರು ವರ್ಷ. ಮೂರು ಕೂಗು, ಆಮೇಲೊಂದು ಸಣ್ಣ ಬುಸ್ಸು. ಆ ಬುಸ್ಸು ಉಳಿದ ಚಿಲ್ಲರೆ ವರ್ಷಗಳಿಗೆ! ವಿಜ್ಞಾನಿ ನೋಡಿ, ಲೆಕ್ಕ ಬಿಡುವುದುಂಟೆ?

ಹೋಗುವುದಾದರೂ ಏಕೆ? ಅತ್ತೆ ಊಟ ಮಾಡಲಿ ಎಂದು.

ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಮರೆವಿನ ಕಾಯಿಲೆ. ಜರ್ಮನ್ ಭಾಷೆ ಪೂರ್ತಿ ಮರೆತಿದ್ದಾರೆ, ನನ್ನ ಹೆಸರು ಆಗಾಗ ಮರೆಯುತ್ತಾರೆ, ಆದರೆ ಗ್ಲೆನ್‌ಕೋ ಮರೆತಿಲ್ಲ. ಆರೋಗ್ಯವಾಗಿದ್ದಾಗ ಅವರಿಬ್ಬರೂ ಒಮ್ಮೆ ಸ್ಕಾಟ್ಲೆಂಡಿನ ಆ ಕಣಿವೆಗೆ ಹೋಗಿದ್ದರು. ಅಲ್ಲಿ ಗೈಡ್ ಹೇಳಿದ ಕಥೆ ಇದು: ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಚಳಿಗಾಲದಲ್ಲಿ, ಕೆಂಪು ಕೋಟಿನ ಸಿಪಾಯಿಗಳು ಅಲ್ಲಿಗೆ ಬಂದರು. ಜನ ಅವರನ್ನು ಮನೆಯೊಳಗೆ ಕರೆದು ಸುಮಾರು ಎರಡು ವಾರ ಉಣ್ಣಲಿಕ್ಕಿ, ಮಲಗಲು ಜಾಗ ಕೊಟ್ಟರು. ಒಂದು ದಿನ ನಸುಕಿನ ಐದು ಗಂಟೆಗೆ ಸಿಪಾಯಿಗಳು ಎದ್ದು, ಮೇಲಿನವರ ಅಪ್ಪಣೆಯಂತೆ, ಉಣ್ಣಲಿಕ್ಕಿದವರನ್ನೇ ಕೊಂದರು. ತಪ್ಪಿಸಿಕೊಂಡು ಓಡಿದವರಲ್ಲಿ ಎಷ್ಟೋ ಜನ ಹಿಮದಲ್ಲಿ ಸತ್ತರು.

ಅತ್ತೆ ಅಂದು ಊಟ ಮುಟ್ಟಲಿಲ್ಲವಂತೆ. ಈಗ ಮನೆಗೆ ಯಾರು ಬಂದರೂ ಅತ್ತೆಗೆ ಆ ಕಥೆ ನೆನಪಾಗುತ್ತದೆ. ನಾನು ಬರುವುದು ಶನಿವಾರ. ನಾನು ಚಪ್ಪಲಿ ಬಿಡುವ ಹೊತ್ತಿಗೆ ಅವರು ತಟ್ಟೆ ದೂಡಿ ಕೂತಿರುತ್ತಾರೆ. “ಆ ಜನಕ್ಕೆ ಯಾರೂ ಮುಂಚೆ ಹೇಳಿಲ್ವಂತೆ. ನಾನು ಹೇಗೆ ಉಣ್ಲಿ?” ಮೊದಲೇ ಗಾಳಿಗೆ ಹಾರುವಂತಿದ್ದಾರೆ, ಒಂದು ಹೊತ್ತೂ ಉಪವಾಸ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ.

ಇಲ್ಲಿ ನನ್ನದೂ ಒಂದು ಗೊಂದಲವಿದೆ. ಆ ಕಣಿವೆಯ ಒದ್ದೆ ಹುಲ್ಲಿನ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಗಾಳಿಗೆ ಅತ್ತೆಯ ಕೊಡೆ ತಿರುಗಿ ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಒಮ್ಮೆ ಮಾವನಿಗೆ ಹೇಳಿದೆ.

“ನೀನೆಲ್ಲಿದ್ಯೇ ಅಲ್ಲಿ? ನೀನಾಗ ಮೈಸೂರಲ್ಲಿ ಪಿಯುಸಿ ಪರೀಕ್ಷೆ ಬರೀತಿದ್ದೆ!”

ಹಾಗಾದರೆ ಆ ಕೊಡೆ? ದಿನವೂ ಡೈರಿ ಬರೆಯುವವಳು ನಾನು, ಆದರೂ ಉತ್ತರ ಗೊತ್ತಿಲ್ಲ. ಒಬ್ಬರು ಆದದ್ದನ್ನು ಮರೆಯುತ್ತಾರೆ, ಒಬ್ಬರು ಆಗದ್ದನ್ನು ಮಾಡಿ ಬರುತ್ತಾರೆ, ನಾನು ನೋಡದ್ದನ್ನು ನೆನೆಯುತ್ತೇನೆ. ಈ ಮನೆಯಲ್ಲಿ ಕಾಯಿಲೆ ಯಾರಿಗೆ ಎಂದು ಡಾಕ್ಟರು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಇರಲಿ, ಪ್ರಯಾಣದ ವಿಷಯಕ್ಕೆ ಬರೋಣ. ಮೂವರೂ ಶಾಲು ಹೊದ್ದು ಅಡುಗೆಮನೆಯ ಮೇಜಿನ ಸುತ್ತ ಕೂರಬೇಕು. ಅಲ್ಲಿ ಹಿಮ ಬೀಳುತ್ತಿರುತ್ತದಲ್ಲ! ಮಾವನ ಮೊದಲ ಯೋಜನೆ ಸರಳವಾಗಿತ್ತು: ಸಿಪಾಯಿಗಳನ್ನು ಒಳಗೆ ಬಿಡಬೇಡಿ ಎಂದು ಆ ಮನೆಯವರಿಗೆ ಮೊದಲೇ ಹೇಳಿಬಿಡುವುದು.

ಅತ್ತೆ ಕೆಂಡವಾದರು. “ಚಳೀಲಿ ಬಾಗಿಲಿಗೆ ಬಂದವ್ರಿಗೆ ಊಟ ಇಲ್ಲ ಅನ್ನಿ ಅಂತ ಹೇಳ್ಕೊಡ್ತೀರಾ? ನಾಚ್ಕೆ ಆಗಲ್ವಾ ನಿಮ್ಗೆ?”

“ಮತ್ತೇನ್ ಮಾಡೋದೇ?”

“ಇನ್ನೂ ಜಾಸ್ತಿ ಬಡಿಸ್ಬೇಕು. ಬಿಸಿಬೇಳೆಬಾತ್ ಮಾಡಿ, ಮೇಲೆ ತುಪ್ಪ ಸುರೀರಿ. ಆಮೇಲೆ ಮೊಸರನ್ನ. ಅದ್ಯಾವ ಸಿಪಾಯಿ ಐದು ಗಂಟೆಗೆ ಏಳ್ತಾನೋ ನಾನೂ ನೋಡ್ತೀನಿ!”

ಯುದ್ಧತಂತ್ರದ ಪುಸ್ತಕಗಳಲ್ಲಿ ಇದು ಇದೆಯೋ ಇಲ್ಲವೋ ಕಾಣೆ. ಭಾನುವಾರ ಮಧ್ಯಾಹ್ನ ನಮ್ಮ ಮನೆಗಳನ್ನು ನೋಡಿದವರು ಯಾರೂ ಇದನ್ನು ಅಲ್ಲಗಳೆಯಲಾರರು. ಅಲ್ಲಿನವರ ಭಾಷೆ ಬರುವುದಿಲ್ಲವಲ್ಲ ಎಂದು ನಾನು ತಕರಾರು ತೆಗೆದೆ. “ಊಟಕ್ಕೆ ಬನ್ನಿ ಅಂದ್ರೆ ಯಾರಿಗೆ ಅರ್ಥ ಆಗಲ್ಲ?” ಎಂದರು ಅತ್ತೆ. ನನ್ನ ಎಂ.ಎ. ಪದವಿ ಅಲ್ಲಿಗೆ ಮುಗಿಯಿತು.

ಮಾವನದು ಮಾತ್ರ ಇನ್ನೊಂದು ಸಿದ್ಧಾಂತ. “ಸ್ಕಾಟ್ಲೆಂಡಲ್ಲಿ ಆಗ ಇಲ್ಲೀ ಥರ ಆನ್‌ಮೆಲ್ಡುಂಗ್ ಇದ್ದಿದ್ರೆ ಇದು ನಡೀತಾನೇ ಇರ್ಲಿಲ್ಲ ಕಣೇ! ಹೊಸ ಊರಿಗೆ ಬಂದು ಎರಡು ವಾರದೊಳಗೆ ವಿಳಾಸ ನೋಂದಾಯಿಸ್ಬೇಕು. ಅದಕ್ಕೆ ಆಫೀಸಿನವ್ರು ಕೊಡೋ ಟೆರ್ಮಿನ್ ಬೇಕು, ಇಂಥಾ ದಿನ ಇಷ್ಟು ಗಂಟೆಗೆ ಬಾ ಅಂತ. ಟೆರ್ಮಿನ್ ಸಿಗೋದು ಬೇಸಿಗೇಲಿ! ಅಲ್ಲೀವರೆಗೂ ಸಿಪಾಯಿಗಳು ಫಾರ್ಮ್ ಹಿಡ್ಕೊಂಡು ಕೂತಿರೋರು. ಕೊಲ್ಲಕ್ಕೆ ಪುರುಸೊತ್ತೆಲ್ಲಿ?”

ಜರ್ಮನಿಗೆ ಬಂದ ಹೊಸದರಲ್ಲಿ ಒಂದು ಟೆರ್ಮಿನ್‌ಗಾಗಿ ಅತ್ತಿದ್ದ ನಾನು ಇದನ್ನು ಪೂರ್ತಿ ಒಪ್ಪಿದೆ.

ಒಮ್ಮೆ ಅನಾಹುತವೇ ಆಯಿತು. ಗ್ಯಾಸ್ಕೆಟ್ ಸಡಿಲವಾಗಿ ಕುಕ್ಕರು ಎರಡೇ ಕೂಗಿಗೆ ನಿಂತುಬಿಟ್ಟಿತು. ಅತ್ತೆ ಗಾಬರಿಯಾದರು. “ಎಲ್ಲಿದ್ದೀವಿ ಈಗ?”

“ಹತ್ತೊಂಬತ್ತನೇ ಶತಮಾನ,” ಎಂದರು ಮಾವ, ಸುಳ್ಳು ಹೇಳಲು ಬಾರದೆ.

“ಅಯ್ಯೋ! ಹಾಗಾದ್ರೆ ಎಲ್ಲಾ ಆಗಿಹೋಗಿದೆ!” ಅತ್ತೆಯ ಕಣ್ಣು ತುಂಬಿತು. ಮಾವ ಎದ್ದು ನಿಂತು, ಕೆನ್ನೆ ಉಬ್ಬಿಸಿ, ಮೂರನೆಯ ಕೂಗನ್ನು ತಾವೇ ಕೂಗಿದರು. ಆಮೇಲೆ ಬುಸ್ಸನ್ನೂ! ನಾವು ಸಮಯಕ್ಕೆ ಸರಿಯಾಗಿ ತಲುಪಿದೆವು.

ಒಂದು ಸಲ ಮಾವ ಬೇಸತ್ತು, “ಹೋದ ವಾರಾನೇ ಎಲ್ಲಾರ್ನೂ ಉಳಿಸಿದೀವಲ್ಲೇ,” ಎಂದು ಹೇಳಿ ನೋಡಿದರು. “ಹೋದ ವಾರದ್ದು ಆಯ್ತು,” ಎಂದರು ಅತ್ತೆ, “ಈ ವಾರದವ್ರಿಗೆ?” ಮಾವ ಬೇಳೆ ತೊಳೆಯತೊಡಗಿದರು.

ಈ ಶನಿವಾರ ಎಂದಿನಂತೆ ಆಗಲಿಲ್ಲ. ಕುಕ್ಕರು ಇಳಿಸಿ ಆಗಿತ್ತು. ಔಷಧಿ ಅಂಗಡಿಗೆ ಹೋಗಿದ್ದ ಮಾವ ಬಾಗಿಲಲ್ಲಿ ಬಂದು ನಿಂತರು, ತಮ್ಮ ಹಳೆಯ ಕೆಂಪು ಜಾಕೆಟ್ಟಿನಲ್ಲಿ. ಅತ್ತೆ ಅವರನ್ನೇ ದಿಟ್ಟಿಸಿದರು. ಗುರುತಿನ ಒಂದು ಎಳೆಯೂ ಆ ಕಣ್ಣಲ್ಲಿರಲಿಲ್ಲ.

“ನೀವು ಸಿಪಾಯಿನಾ?”

ಅಲ್ಲ ಅತ್ತೆ, ಮಾವ ಇವರು ಎನ್ನಲು ನಾನು ಬಾಯಿ ತೆರೆದೆ. ಮಾವ ಕೈ ಎತ್ತಿ ತಡೆದರು.

“ಹೌದು ತಾಯಿ.”

“ಹೊರಗೆ ಚಳಿ. ಬನ್ನಿ, ಕೂತ್ಕೊಳಿ.”

ಅತ್ತೆ ತಾವೇ ಬಡಿಸಿದರು. ತುಪ್ಪ ಸುರಿದರು, ಬೇಡ ಎಂದರೂ ಇನ್ನೊಂದು ಸೌಟು ಹಾಕಿದರು. ಡಾಕ್ಟರು ತುಪ್ಪ ಮುಟ್ಟಕೂಡದು ಎಂದಿರುವ ಮಾವ ತಟ್ಟೆಯಲ್ಲಿ ಒಂದಗುಳೂ ಬಿಡಲಿಲ್ಲ.

“ಬೆಳಿಗ್ಗೆ ಐದಕ್ಕೆ ಏಳ್ತೀರಾ?” ಅತ್ತೆ ಕೇಳಿದರು.

“ಇಂಥಾ ಊಟ ಮಾಡಿ ಯಾರು ಏಳ್ತಾರೆ ತಾಯಿ?” ಎಂದು ಮಾವ ಹೋಗಿ ಸೋಫಾದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಬೆನ್ನು ಅಲುಗುತ್ತಿತ್ತು ಎಂದು ನನ್ನ ನೆನಪು. ನನ್ನ ನೆನಪನ್ನು ನಂಬಬೇಡಿ.

ಅತ್ತೆ ತಮ್ಮ ಶಾಲು ತೆಗೆದು ಅವರಿಗೆ ಹೊದಿಸಿದರು. ಬಂದು ತಟ್ಟೆ ಹತ್ತಿರಕ್ಕೆ ಎಳೆದುಕೊಂಡು ಮೊದಲ ತುತ್ತು ಕಲಸಿದರು.

“ಎಬ್ಬಿಸ್ಬೇಡ ಕಣೇ ಅವ್ರನ್ನ,” ಎಂದರು ಮೆಲ್ಲಗೆ. “ಪಾಪ, ಯಾರ ಮನೆಯವ್ರೋ.”